ಗುಲಾಬಿ ಸೋಪಿನ ವಿಚಾರಣೆ

ಬಚ್ಚಲುಮನೆಯ ಬಕೆಟ್ಟಿನ ಹಿಂದೆ ಅದು ಸಿಕ್ಕಿತು. ಗುಲಾಬಿ ಬಣ್ಣದ, ಅರ್ಧ ಸವೆದ, ಘಮ್ಮೆನ್ನುವ ಅಂಗಡಿ ಸೋಪು. ಸತ್ತ ಇಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಹಿಡಿದು ಅವಳು ಅದನ್ನು ಹಜಾರಕ್ಕೆ ತಂದಳು.

"ಯಾರದು ಇದು?"

ಗಂಡ ಪತ್ರಿಕೆಯ ಹಿಂದೆ ಇನ್ನಷ್ಟು ಕುಗ್ಗಿದ. ಅತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಮಗಳು ಪುಟ್ಟಿ ಇಬ್ಬರ ಮುಖವನ್ನೂ ಕುತೂಹಲದಿಂದ ನೋಡಿದಳು.

ವಿಚಾರಣೆ ನಡೆಸುವ ಹೊತ್ತೇ ಅಲ್ಲ ಅದು. ಕಟ್ಟಡದ ಹೆಂಗಸರು ಇನ್ನೇನು ಬರುವವರಿದ್ದರು. ಮೆಟ್ಟಿಲಿಗೆ ದಿನಾ ಸುರಿಯುವ ಫಿನಾಯಿಲಿನ ಘಾಟಿಗೆ ಪುಟ್ಟಿ ಮನೆಗೆ ಹತ್ತಿ ಬರುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಡುವೆಯೇ ಕೂತುಬಿಡುತ್ತಿದ್ದಳು. ಅದನ್ನು ನಿಲ್ಲಿಸಿ ಎಂದು ಪುಟ್ಟಿಯ ಅಮ್ಮ ಕಟ್ಟಡದ ಸಂಘದವರನ್ನು ಬೇಡದ ದಿನವಿಲ್ಲ. ಕೊನೆಗೂ ಸಂಘದ ಸೆಕ್ರೆಟರಿಯ ಹೆಂಡತಿ, "ಫಿನಾಯಿಲ್ ಇಲ್ಲದೆ ನಿಮ್ಮ ಮನೆ ಹೇಗಿದೆ ತೋರಿಸಿ, ಆಮೇಲೆ ನೋಡೋಣ" ಎಂದಿದ್ದರು. ಅವಳಿಗೆ ಕಟ್ಟಡದಲ್ಲಿ 'ವಿನೆಗರ್ ಅಕ್ಕ' ಎಂಬ ಹೆಸರೇ ಬಿದ್ದಿತ್ತು. ನೆಲಕ್ಕೆ ವಿನೆಗರ್, ಸಿಂಕಿಗೆ ನಿಂಬೆಸಿಪ್ಪೆ, ಬಟ್ಟೆಗೆ ಅಡುಗೆ ಸೋಡಾ, ಮೈಗೆ ಕಡಲೆಹಿಟ್ಟು. ಪೊಟ್ಟಣದ ತಿಂಡಿ ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

"ಸ್ಕೂಟರ್ ಡಿಕ್ಕಿಯಲ್ಲಿರೋ ಚಿಪ್ಸ್ ನಂದೇ," ಎಂದ ಗಂಡ ತಡೆಯಲಾರದೆ. "ಆದ್ರೆ ಸೋಪು ನಂದಲ್ಲ."

"ಚಿಪ್ಸ್ ವಿಷಯ ಯಾರು ಕೇಳಿದ್ರು ರೀ?"

"ಕೇಳ್ಲಿಲ್ವಾ?"

"ಅಮ್ಮಾ, ನನ್ ಬ್ಯಾಗಲ್ಲಿರೋ ಕೆಂಪು ಜೆಲ್ಲಿನೂ ನಾನು ತಂದಿದ್ದಲ್ಲ," ಎಂದಳು ಪುಟ್ಟಿ. "ಅಪ್ಪನೇ ಕೊಡ್ಸಿದ್ದು."

ಅತ್ತೆ ಕನ್ನಡಕ ಹಾಕಿಕೊಂಡರು. "ಸೋಪು ನಂದು ಕಣಮ್ಮ. ಏನ್ ಮಾಡ್ಲಿ? ಮೈಯೆಲ್ಲ ಹಿಟ್ಟು, ಮನೆಯೆಲ್ಲ ವಿನೆಗರ್. ನಾನು ಮನುಷ್ಯಳೋ, ಜಾಡಿಯಲ್ಲಿರೋ ಉಪ್ಪಿನಕಾಯೋ ಅಂತ ನನಗೇ ಅನುಮಾನ ಬರುತ್ತೆ. ಬಾಗಿಲು ಹಾಕ್ಕೊಂಡು ಆಗಾಗ ಮುಖ ತೊಳ್ಕೋತೀನಿ, ಅಷ್ಟೇ."

ಅಷ್ಟರಲ್ಲಿ ಕರೆಗಂಟೆ. ಅವಳು ಬಚ್ಚಲಿಗೆ ಓಡಿ, ಸೋಪನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಮಗ್ಗು ಬೋರಲು ಹಾಕಿ ಬಂದಳು.

ಸೆಕ್ರೆಟರಿಯ ಹೆಂಡತಿ ಮುಂದೆ, ಉಳಿದವರು ಹಿಂದೆ. ಒಬ್ಬರು ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿಕೊಂಡರು. ಅವಳು ಎಲ್ಲರನ್ನೂ ಅಡುಗೆಮನೆಗೆ ಕರೆದೊಯ್ದು, ಕಲೆಗಟ್ಟಿದ ಸಿಂಕಿಗೆ ಸೋಡಾ ಉದುರಿಸಿ ವಿನೆಗರ್ ಹೊಯ್ದಳು. ಬುಸ್ಸೆಂದು ನೊರೆ ಎದ್ದಿತು. ಸೆಕ್ರೆಟರಿಯ ಹೆಂಡತಿಯ ಕೈಗೇ ನಿಂಬೆಹೋಳು ಕೊಟ್ಟು ಉಜ್ಜಿಸಿದಳು. ಸಿಂಕು ಥಳಥಳಿಸಿತು.

"ಚೆನ್ನಾಗಿದೆ," ಎಂದರು ಎಲ್ಲರೂ, ಪಕ್ಕದ ಮನೆಯ ಮಗುವಿನ ಅಂಕಪಟ್ಟಿ ನೋಡಿ ಹೇಳುವ ದನಿಯಲ್ಲಿ. ಒಬ್ಬರು ಆಗಲೇ ಚಪ್ಪಲಿಯ ಕಡೆ ನೋಡುತ್ತಿದ್ದರು.

"ಆದ್ರೆ ಮೆಟ್ಟಿಲಿಗೆಲ್ಲ ಇದು ಆಗೋ ಹೋಗೋ ಮಾತಲ್ಲ ಬಿಡಿ," ಎಂದರು ಸೆಕ್ರೆಟರಿಯ ಹೆಂಡತಿ. "ನಮ್ಮಂಥೋರ ಕೈಲಿ ಎಲ್ಲಾಗುತ್ತೆ? ಕೈ ಅಂಟಂಟು, ತೊಳ್ಕೊಂಡು ಬರ್ತೀನಿ."

ಇಲ್ಲೇ ತೊಳೆಯಿರಿ ಎಂದು ಅವಳು ಬಾಯಿ ತೆರೆಯುವ ಮೊದಲೇ ಅವರು ಬಚ್ಚಲುಮನೆ ಹೊಕ್ಕಾಗಿತ್ತು.

ಹೊರಗೆ ಬಂದವರು ಅಂಗೈಯನ್ನು ಮೂಗಿನಿಂದ ಇಳಿಸಿರಲೇ ಇಲ್ಲ. "ಆಹಾ! ಮಗ್ಗಿನ ಕೆಳಗಿರೋ ಸೋಪನ್ನ ಹೇಗೆ ಮಾಡಿದ್ರಿ? ಮನೇಲಿ ಮಾಡಿದ್ದು ಹೀಗೆ ಘಮಘಮ ಅನ್ನೋದಾದ್ರೆ ಮೆಟ್ಟಿಲಿಗೆ ಫಿನಾಯಿಲ್ ಇವತ್ತೇ ಬಂದ್!"

"ಗುಲಾಬಿ ದಳ," ಎಂದ ಗಂಡ ಚಾವಣಿ ನೋಡುತ್ತ. "ಅದನ್ನ ನೆರಳಲ್ಲಿ ಒಣಗಿಸಿ..."

ಅವಳು ಬರೀ ತಲೆಯಾಡಿಸಿದ್ದರೆ ಸಾಕಿತ್ತು. ನಾಳೆಯಿಂದ ಪುಟ್ಟಿ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಆದರೆ ಆ ಪುಟ್ಟಿಯೇ ಎದುರಿಗೆ ನಿಂತು, ಅಮ್ಮ ಈಗ ಏನು ಹೇಳುತ್ತಾಳೆ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಅದು ಅಂಗಡಿ ಸೋಪು," ಎಂದಳು. "ನಿಮಗೆ ಕಾಣದ ಹಾಗೆ ಬಚ್ಚಿಟ್ಟಿದ್ದೆ."

"ಬಚ್ಚಿಟ್ಟಿದ್ದು ಅವಳು. ತಂದಿದ್ದು ನಾನು," ಎಂದರು ಅತ್ತೆ, ಮುಂದೆ ಬಂದು.

ಸೆಕ್ರೆಟರಿಯ ಹೆಂಡತಿ ಒಮ್ಮೆ ಅತ್ತೆಯನ್ನು, ಒಮ್ಮೆ ಸೊಸೆಯನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಿಮ್ಮ ಮನೇಲೂ ಬಚ್ಚಿಡ್ತೀರಾ?"

ಕಿಟಕಿಯ ಅಂಚು ಮುಟ್ಟಿ ನೋಡಿದ್ದಾಕೆ ಹತ್ತಿರ ಬಂದರು. "ಅಂದ್ರೆ ಫಿನಾಯಿಲ್ ಒಂದನ್ನೇ ಬಿಟ್ರೂ ನಡೆಯುತ್ತಾ? ಮಿಕ್ಕಿದ್ದೆಲ್ಲ ಒಟ್ಟಿಗೇ ಬಿಡ್ಬೇಕು ಅಂತೇನಿಲ್ವಾ?" ಚಪ್ಪಲಿಯ ಕಡೆ ನೋಡುತ್ತಿದ್ದಾಕೆ ಅಡುಗೆಮನೆಗೆ ವಾಪಸು ನಡೆದರು. "ಸೋಡಾ ಮೊದಲೋ ವಿನೆಗರ್ ಮೊದಲೋ, ಇನ್ನೊಂದ್ಸಲ ತೋರ್ಸಿ ಅಕ್ಕ. ಆಗ ನಾನು ಸರಿಯಾಗಿ ನೋಡ್ಲೇ ಇಲ್ಲ."

ಹೊರಡುವ ಹೊತ್ತಿಗೆ ಸಿಂಕು ಮತ್ತೆರಡು ಸಲ ತೊಳೆದಾಗಿತ್ತು. "ನಾಳೆಯಿಂದ ಫಿನಾಯಿಲ್ ಬೇಡ ಅಂತ ನಮ್ಮನೆಯವರಿಗೆ ಹೇಳ್ತೀನಿ," ಎಂದು ಸೆಕ್ರೆಟರಿಯ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿದರು.

"ನಾನು ಇಷ್ಟು ದಿನದಿಂದ ಹೇಳ್ತಿದ್ದಿದ್ದೂ ಇದನ್ನೇ ಅಲ್ವಾ?" ಎಂದಳು ಅವಳು. "ಇವತ್ತು ಹೇಗೆ ಒಪ್ಪಿದ್ರಿ?"

"ಇಷ್ಟು ದಿನ ನಿಮ್ಮನ್ನ ನೋಡಿದ್ರೆ ಕೈ ಮುಗಿಯೋಣ ಅನ್ನಿಸ್ತಿತ್ತಮ್ಮ," ಎಂದರು ಅವರು. "ನಿಮ್ಮ ಹಾಗೆ ಮಾಡೋಣ ಅಂತ ಅನ್ನಿಸ್ತಿರ್ಲಿಲ್ಲ."