ಹಿಂದಿನ ಚಕ್ರದ ನಟ್ಟು

ಹಳದಿ ಗೆರೆ ಮತ್ತೆ ಮುರಿದಿತ್ತು.

ಮೇಸ್ತ್ರಿ ತಲೆ ಒರೆಸುತ್ತಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮಂಡಿನೋವನ್ನೂ ಮರೆತು ಷೆಡ್ಡಿನ ನೆಲದ ಮೇಲೆ ಕುಳಿತುಬಿಟ್ಟ. ಎದುರಿಗೆ ಹೊಸ ಮೂರು ಚಕ್ರದ ಮೋಟಾರ್ ಸೈಕಲ್ಲು. ಅದರ ಹಿಂದಿನ ಎಡ ಚಕ್ರದ ದೊಡ್ಡ ನಟ್ಟಿನಿಂದ ಚಕ್ರದವರೆಗೆ ನಿನ್ನೆ ಸಂಜೆ ಅವನೇ ಬಣ್ಣದ ಗೆರೆ ಎಳೆದಿದ್ದ. ಕಾರ್ಖಾನೆಯಲ್ಲಿ ಕಲಿತ ಅಭ್ಯಾಸ ಅದು. ನಟ್ಟು ಬಿಗಿ ಮಾಡಿದ ಮೇಲೆ ಒಂದು ಗೆರೆ. ಯಾರಾದರೂ ಕೈಯಾಡಿಸಿದರೆ ಗೆರೆ ಎರಡು ತುಂಡಾಗುತ್ತದೆ. ಈಗ ನಟ್ಟಿನ ಮೇಲಿನ ತುಂಡು ಒಂದು ಕಡೆ, ಚಕ್ರದ ಮೇಲಿನ ತುಂಡು ಇನ್ನೊಂದು ಕಡೆ.

ಮನೆ ಮುಂದಿನ ರಸ್ತೆ ಇಳಿಜಾರು. ಕೆಳಗೆ ಲಾರಿಗಳು ಓಡುವ ಹೆದ್ದಾರಿ. ಅಲ್ಲಿ ಚಕ್ರ ಕಳಚಿದರೆ ಕಥೆ ಮುಗಿಯಿತು.

ಮೊದಲ ಸಲ ತನ್ನ ಕಣ್ಣೇ ಮಂಜಾಯಿತೆಂದುಕೊಂಡು, ಗೆರೆ ತಿದ್ದಿ ಗಾಡಿ ಓಡಿಸಿದ್ದ. ಈ ಸಲ ಹಾಗೆ ಅಂದುಕೊಳ್ಳುವ ಧೈರ್ಯ ಬರಲಿಲ್ಲ. ಒಳಗೆ ಇನ್ನೇನು ಕೆಡಿಸಿಟ್ಟಿದ್ದಾರೋ ಎಂದು ಚಕ್ರವನ್ನೇ ಬಿಚ್ಚಿದ. ಬಿಚ್ಚುವಷ್ಟರಲ್ಲಿ ಸಾಕುಸಾಕಾಯಿತು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಬೇಕಾಯಿತು. ಹೆದರಿದವನ ಕೈಯಲ್ಲಿ ಶಕ್ತಿ ಎಲ್ಲಿರುತ್ತದೆ ಎಂದುಕೊಂಡ. ಬೇರಿಂಗು, ಬ್ರೇಕು ಎಲ್ಲವನ್ನೂ ತಡಕಿ ನೋಡಿ, ಮತ್ತೆ ಜೋಡಿಸಿ, ಕೈಯಾರೆ ಬಿಗಿ ಮಾಡಿ ಹೊಸ ಗೆರೆ ಎಳೆದ. ಅಂದು ಗಾಡಿಯನ್ನು ಹೊರಗೆ ತೆಗೆಯಲಿಲ್ಲ.

ಷೆಡ್ಡಿನ ಬೀಗಕ್ಕೆ ಎರಡೇ ಕೀಲಿ. ಒಂದು ಅವನ ಜೇಬಿನಲ್ಲಿ. ಇನ್ನೊಂದು ಹೆಂಡತಿಯ ಹತ್ತಿರ.

ಈ ಗಾಡಿ ಬಂದಾಗಿನಿಂದ ಇಬ್ಬರಿಗೂ ಜಟಾಪಟಿ. "ಹೊಸ ಗಾಡಿ ಕಣ್ರೀ, ಸರ್ವಿಸಿಗೆ ಶೋರೂಮಿಗೇ ಬಿಡಿ" ಎಂದು ಅವಳು. "ಜೀವಮಾನವೆಲ್ಲ ನಟ್ಟು ತಿರುಗಿಸಿದೋನು ನಾನು. ಎಷ್ಟು ಬಿಗಿ ಅಂತ ಈ ಕೈಗೆ ಗೊತ್ತಾಗುತ್ತೆ. ಆ ಟೈ ಕಟ್ಕೊಂಡೋರ ಮುಂದೆ ಹೋಗಿ ನಿಂತ್ಕೋಬೇಕಾ?" ಎಂದು ಇವನು. ನಿಂತುಕೊಳ್ಳುವುದಿರಲಿ, ಶೋರೂಮಿನ ಸರ್ವಿಸ್ ಮ್ಯಾನೇಜರನ ಜೊತೆ ಎಲ್ಲರೆದುರು ಕೂಗಾಡಿಯೇ ಬಂದಿದ್ದ. ಅವತ್ತಿನಿಂದ ಹೆಂಡತಿ ಆ ಮಾತು ಎತ್ತಿರಲಿಲ್ಲ. ತಾನೇ ಗೆದ್ದೆ ಎಂದು ಬೀಗುತ್ತಿದ್ದವನಿಗೆ ಈಗ ಆ ಮೌನವನ್ನು ನೆನೆದರೆ ಭಯವಾಗುತ್ತಿತ್ತು.

ಛೆ, ಇವಳೇಕೆ ಹಾಗೆ ಮಾಡುತ್ತಾಳೆ? ಕಾರಣ ಹುಡುಕಲು ಕುಳಿತ. ಒಂದೂ ಸಿಗದಿದ್ದರೆ ಸಾಕು ಎಂದು ಹುಡುಕಿದ, ಬೇಕಾದಷ್ಟು ಸಿಕ್ಕವು. ಅವಳ ಹೊಲಿಗೆ ಅಂಗಡಿಯನ್ನು ಮುಚ್ಚಿಸಿದ್ದು ಅವನೇ. ಮದುವೆಯಾದ ಮೇಲೆ ಅವಳು ಆರಂಭಿಸಿದ ಒಂದು ಮಾತನ್ನೂ ಪೂರ್ತಿ ಮುಗಿಸಲು ಬಿಟ್ಟವನಲ್ಲ. ಮಧ್ಯಾಹ್ನ ಅವಳು ತಟ್ಟೆ ಮುಂದಿಟ್ಟಾಗ ಮೇಸ್ತ್ರಿ ಊಟ ನೋಡಲಿಲ್ಲ, ಅವಳ ಬೆರಳು ನೋಡಿದ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ತಟ್ಟೆ ಸರಿಸಿ ಎದ್ದ.

ಸಂಜೆ ಅವಳು ಫೋನು ಹಿಡಿದು ಹಿತ್ತಲಿಗೆ ಹೋದಳು. ಅವನು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತ.

"ಅವರಿಗೆ ಸುಳಿವೂ ಸಿಗಬಾರದು," ಎನ್ನುತ್ತಿದ್ದಳು. "ಇಲ್ಲ, ನೀವು ಬರೋದು ಬೇಡ. ನನ್ನಿಂದಾಗುತ್ತೆ. ನಾಳೆ ಅವರು ಸ್ನಾನಕ್ಕೆ ಹೋದ ಮೇಲೆ ಮಾಡ್ತೀನಿ. ಹೂಂ, ಅದೇ ಚಕ್ರ."

ರಾತ್ರಿ ಪಕ್ಕದಲ್ಲಿ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು. ಅವನಿಗೆ ರೆಪ್ಪೆ ಅಂಟಲಿಲ್ಲ.

ಬೆಳಗ್ಗೆ ಕಾಫಿ ಕೊಡುತ್ತಾ ಕೇಳಿದಳು, "ಇವತ್ತು ಗಾಡಿ ತೆಗೀತೀರಾ?"

"ತೆಗೀತೀನಿ. ಯಾಕೆ?"

"ಸುಮ್ನೆ ಕೇಳಿದೆ."

ಮೇಸ್ತ್ರಿ ಅವಳ ಮುಖವನ್ನೇ ನೋಡುತ್ತಾ ಗಾಳ ಹಾಕಿದ. "ನೀನೂ ಬಾ. ಈಗಲೇ ಹೋಗಿ ಬರೋಣ."

ಅವಳು ಬಾಗಿಲಿಗೆ ಅಡ್ಡ ನಿಂತಳು. "ಈಗ ಬೇಡ. ಮೊದಲು ಸ್ನಾನ ಮಾಡಿ. ಆಮೇಲೆ ಹೋದ್ರಾಯ್ತು."

ಅವನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಟವೆಲು ತೆಗೆದುಕೊಂಡು ಬಚ್ಚಲಿಗೆ ಹೋದ. ಬಕೆಟ್ಟಿಗೆ ನಲ್ಲಿ ಬಿಟ್ಟು, ಸದ್ದಾಗದಂತೆ ಹಿಂಬಾಗಿಲಿನಿಂದ ಹೊರಬಿದ್ದ. ಗೋಡೆ ಹಿಡಿದುಕೊಂಡು ಷೆಡ್ಡಿನ ಕಿಟಕಿಯವರೆಗೆ ಬರುವಷ್ಟರಲ್ಲಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಒಳಗೆ ಹೆಂಡತಿ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಅವಳ ಬೆನ್ನು ಕಿಟಕಿಯ ಕಡೆಗಿತ್ತು. ಪಕ್ಕದಲ್ಲಿ ಒಂದು ಹಳೆಯ ಬಟ್ಟೆ. ಅದರಿಂದ ಬಿಚ್ಚಿ ತೆಗೆದ ಉದ್ದನೆಯ ಸ್ಪ್ಯಾನರು ಅವಳ ಕೈಯಲ್ಲಿ. ಅಂಥದ್ದು ಅವನ ಪೆಟ್ಟಿಗೆಯಲ್ಲಿರಲಿಲ್ಲ. ಅವಳು ಅದನ್ನು ನಟ್ಟಿಗೆ ಸಿಕ್ಕಿಸಿ, ಎರಡೂ ಕೈಯಿಂದ ಹಿಡಿದು ಮೈಭಾರ ಹಾಕಿದಳು. ಅವಳ ಬೆನ್ನಿನ ಮರೆಯಲ್ಲಿ ಹಿಡಿ ನಿಧಾನವಾಗಿ ತಿರುಗಿತು.

ಕೂಗಬೇಕೆಂದು ಮೇಸ್ತ್ರಿ ಬಾಯಿ ತೆರೆದ. ಕೂಗದೆ ಕಿಟಕಿಯ ಸರಳು ಹಿಡಿದುಕೊಂಡ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಣ್ಣು ಹಾಡಹಗಲೇ ತನ್ನ ಸಾವನ್ನು ಸಿದ್ಧಮಾಡುತ್ತಿದ್ದಾಳೆ ಎಂದು ಅವನ ಕಣ್ಣಲ್ಲಿ ನೀರು ಬಂತು.

ನೆಲದ ಮೇಲಿದ್ದ ಫೋನಿನಿಂದ ಗಂಡಸಿನ ದನಿ ಕೇಳಿಸಿತು. ಶೋರೂಮಿನ ಅದೇ ಸರ್ವಿಸ್ ಮ್ಯಾನೇಜರು. "ನಿಧಾನ ಅಮ್ಮಾ. ಟಿಕ್ ಅಂತ ಸದ್ದು ಬಂತಾ? ಬಂದ್ರೆ ಬಿಗಿ ಸಾಕು ಅಂತ."

"ಇಲ್ಲಪ್ಪ, ಇನ್ನೂ ತಿರುಗ್ತಾನೇ ಇದೆ," ಎಂದಳು ಅವಳು ಏದುಸಿರು ಬಿಡುತ್ತಾ. "ನಿನ್ನೆಗಿಂತ ಇವತ್ತು ಇನ್ನೂ ಸಡಿಲ ಬಿಟ್ಟಿದ್ದಾರೆ. ಕೈಯಲ್ಲಿ ಬಲ ಹೋಗಿದೆ ಅಂತ ಅವರಿಗೆ ನಾನು ಹೇಗಪ್ಪ ಹೇಳಲಿ?"