ರೋಗಿಯ ಪಾತ್ರ

"ಈ ಹುಚ್ಚರ ಪಾಠ ಸಾಕು, ಎದ್ದು ಅಂಗಿ ಇಸ್ತ್ರಿ ಮಾಡು," ಎಂದು ಗಂಡ ಲ್ಯಾಪ್‌ಟಾಪನ್ನು ಅರ್ಧ ಮಡಚಿದ. ಮಾನಸಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿನ ಆನ್‌ಲೈನ್ ತರಗತಿಯಲ್ಲಿ ಅಂದು ನರ್ಸಮ್ಮ ಅಭ್ಯಾಸಕ್ಕಾಗಿ ರೋಗಿಯ ಪಾತ್ರ ಮಾಡಬೇಕಿತ್ತು. ಅವಳು ಪರದೆಯನ್ನು ಮತ್ತೆ ಎತ್ತಿ ಮೈಕ್ ಆನ್ ಮಾಡಿದಳು.

"ನಿಮಗೆ ಯಾರ ಮೇಲೆ ಸಿಟ್ಟು?" ಆಪ್ತಸಮಾಲೋಚಕಿಯ ಪಾತ್ರದಲ್ಲಿದ್ದ ಸಹಪಾಠಿ ಕೇಳಿದಳು.

"ಗಂಡನ ಮೇಲೆ. ಆಸ್ಪತ್ರೆ ವಾರ್ಡಲ್ಲಿ ದಿನವೆಲ್ಲ ಊರಿಗೇ ಕಿವಿ ಕೊಡ್ತೀನಿ. ಮನೇಲಿ ನಾನು ಬಾಯಿ ಬಿಟ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ. ಓದೋಕೆ ಕೂತ್ರೆ ಹುಚ್ಚಿ ಅಂತಾರೆ. ಅನ್ನಿಸ್ಕೊಂಡಿದ್ದು ಸಾಕಾಯ್ತು."

"ಅಭಿನಯ ತುಂಬ ಸಹಜವಾಗಿತ್ತು," ಎಂದು ಮೇಷ್ಟ್ರು ಮೆಚ್ಚಿದರು.

ಅವಳು ಲ್ಯಾಪ್‌ಟಾಪನ್ನು ಹಿಂದಕ್ಕೆ ತಿರುಗಿಸಿದಳು. ಅಂಗಿ ಹಿಡಿದು ನಿಂತ ಗಂಡ ಇಡೀ ತರಗತಿಗೆ ಕಂಡ.

"ಅಭಿನಯ ಅಲ್ಲ ಸರ್. ಆ ಗಂಡ ಇವನೇ."