ಕೊತ್ತಂಬರಿಗೊಂದು ಟ್ರಕ್

ಮಂಜರಿ ಹುಳಿಗೆ ಹುಣಸೆಹಣ್ಣು ಕಿವುಚುತ್ತಿದ್ದಾಗ ಫೋನ್ ಬೆಳಗಿತು. ‘ಮೂರು ಗಂಟೆಗೆ ಹ್ಯಾರಿಸನ್‌ಗೆ ಬನ್ನಿ. ಇನ್ನೊಬ್ಬರು ಕೇಳ್ತಿದ್ದಾರೆ.’ ಹುಳಿ ಮೆತ್ತಿದ ಬೆರಳಿನಿಂದಲೇ ಸಂದೇಶ ಅಳಿಸಿದಳು. ಐವತ್ತು ದಾಟಿದ ಹೆಂಗಸಿನ ಎದೆ ಹೀಗೆ ಹೊಡೆದುಕೊಳ್ಳಬಾರದು.

“ಕೊತ್ತಂಬರಿ ಮುಗಿದಿದೆ ರೀ. ಟ್ರಕ್ ಕೀ ಕೊಡಿ.”

ಬದರಿ ಸೋಫಾದಿಂದ ತಲೆಯೆತ್ತಿದ. “ಒಂದು ಕಟ್ಟು ಕೊತ್ತಂಬರಿಗೆ ಟ್ರಕ್ಕಾ?”

“ಸ್ನೋಗೆ ಒಳ್ಳೇದು ಅಂತ ಅಷ್ಟು ದೊಡ್ಡ ಗಾಡಿ ತಂದ್ರಿ. ಸ್ನೋ ಎಲ್ಲಿ ಬಿತ್ತು? ಕೊತ್ತಂಬರಿನಾದ್ರೂ ಹೊರಲಿ.”

ಗಂಡ ಯಾಕೋ ಗಡಿಬಿಡಿಯಿಂದ ಜೇಬು ತಡಕಿದ. ಕೀ ಎಸೆದ.

ಗ್ಯಾರೇಜಿನಲ್ಲಿ ಟ್ರಕ್ಕಿನ ಮೂತಿಯ ಮೇಲೆ ಆಯುಧಪೂಜೆಯ ಬೊಟ್ಟು ಇನ್ನೂ ಮಿನುಗುತ್ತಿತ್ತು. ಆ ದಿನ ಕುಂಕುಮ ಮುಗಿದು, ಮಗಳು ಅನಿಕಾ ಬಿಟ್ಟುಹೋಗಿದ್ದ ನೇರಳೆ ನೇಲ್ ಪಾಲಿಶನ್ನೇ ಎಲ್ಲದಕ್ಕೂ ಇಟ್ಟಿದ್ದಳು: ಟ್ರಕ್ಕಿಗೆ, ‘ಆಫೀಸಿನ ಸಾಮಾನು, ಮುಟ್ಟಬೇಡ’ ಎಂದು ಬದರಿ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದಕ್ಕೆ ನೋಡದೆಯೇ ಅಡಿಯಿಂದ ಕೈ ತೂರಿಸಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ, ಕೊನೆಗೆ ಮಿಕ್ಸಿಗೂ.

ಕೆಂಡಲ್ ಪಾರ್ಕ್ ದಾಟಿದ ಮೇಲೆ ಒಬ್ಬಳೇ ನಕ್ಕಳು. ಜೆರಿಕೋದಲ್ಲಿ, ಗೆಳತಿ ಶ್ರದ್ಧಾಳ ಅಂಗಳದಲ್ಲಿ, ಅವಳಿಂದಲೇ ಮಂಜರಿ ಗುಟ್ಟಾಗಿ ಕೊಂಡ ಪುಟ್ಟ ಟ್ರೇಲರ್ ನಿಂತಿತ್ತು. ಒಳಗೆ ಹಾಸಿಗೆ, ಒಲೆ, ಹೂವಿನ ಪರದೆ. ದಾರಿ ಸಿಕ್ಕತ್ತ ಹೋಗುವ ಮನೆ! ಮೋಟೆಲಿನ ದಿಂಬು ಕಂಡರೇ ಮುಖ ಸಿಂಡರಿಸುವ ಬದರಿಗೆ ಹೇಳುವ ಧೈರ್ಯವಿರಲಿಲ್ಲ. ಈ ಭಾನುವಾರ ಒಯ್ಯದಿದ್ದರೆ ಶ್ರದ್ಧಾ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಟ್ರಕ್ಕಿಗೆ ಟ್ರೇಲರ್ ಕಟ್ಟುವ ಕಬ್ಬಿಣದ ಹಿಚ್ ಒಂದು ಸಿಕ್ಕರೆ ಸಾಕು. ಸೆಕೆಂಡ್‌ಹ್ಯಾಂಡ್ ಆದರೂ ಸರಿ.

ಹ್ಯಾರಿಸನ್‌ನಲ್ಲಿ ಹಿಚ್ ಮಾರುವವನು ನವನೀತ್, ಬೆಂಗಳೂರಿನ ಹುಡುಗ. “ಹೊಸದೇ ಆಂಟಿ. ನನ್ನ ಗಾಡಿಗೆ ದೊಡ್ಡದಾಯ್ತು. ಹೋದ ತಿಂಗಳು ಒಬ್ಬ ಅಂಕಲ್ ಹತ್ರ ತಗೊಂಡೆ. ಅವರು ಒಂದ್ಸಲಾನೂ ಕಟ್ಟಿಲ್ಲ.”

“ಯಾಕಂತೆ?”

“ಹೆಂಡತೀನ ಕೇಳೋಕೇ ಭಯ, ಪಾಪ. ‘ಅವಳು ಅಡುಗೆಮನೆ ಬಿಟ್ಟು ಬರಲ್ಲಪ್ಪ’ ಅಂದ್ರು. ಕೊಡೋವಾಗ ಅವರ ಮುಖ ನೋಡ್ಬೇಕಿತ್ತು.”

“ಎಂಥ ಹೆಂಗಸೋ! ನಾನಾಗಿದ್ರೆ ಒಲೆ ಹೊತ್ಕೊಂಡು ಓಡ್ತಿದ್ದೆ.” ಇಬ್ಬರೂ ನಗುತ್ತಲೇ ಹಿಚ್ಚನ್ನು ಟ್ರಕ್ಕಿಗೆ ಹೇರಿದರು.

ಮನೆ ಸೇರಿದಾಗ ಬದರಿ ಟಿವಿ ಮುಂದಿದ್ದ. ಸದ್ದಾಗದಂತೆ ಮಂಜರಿ ಹಿಚ್ಚನ್ನು ಗ್ಯಾರೇಜಿನ ಮೂಲೆಗೆ ಜರುಗಿಸಿದಳು. ಅಲ್ಲಿ ಆ ಬಟ್ಟೆ ಖಾಲಿ ಬಿದ್ದಿತ್ತು. ಆಫೀಸಿನವರು ಸಾಮಾನು ಒಯ್ದಿರಬೇಕು. ಮುಚ್ಚಿಡಲು ಅದೇ ಸಾಕೆಂದು ಹಿಚ್ಚನ್ನು ಗೋಡೆಯತ್ತ ಹೊರಳಿಸಿದಳು.

ಬದಿಯಲ್ಲೊಂದು ನೇರಳೆ ಬೊಟ್ಟು ಮಿನುಗಿತು.

“ಕೊತ್ತಂಬರಿ ಸಿಕ್ತಾ?” ಒಳಗಿನಿಂದ ಬದರಿ ಕೂಗಿದ.

“ಅಯ್ಯೋ, ಮರೆತೇ ಬಿಟ್ಟೆ!”

ಬಾಯಿಗೆ ಅಂಗೈ ಒತ್ತಿಕೊಂಡು ನಕ್ಕು, ಅದು ಮೊದಲು ಎಲ್ಲಿತ್ತೋ ಅಲ್ಲೇ, ಅದೇ ಬಟ್ಟೆ ಹೊದಿಸಿಟ್ಟಳು. ಯಾರಿಗೂ ಹೇಳದೆ, ಭಾನುವಾರ ಬದರಿಯನ್ನೇ ಟ್ರಕ್ಕಿನಲ್ಲಿ ಕೂರಿಸಿಕೊಂಡು, ಕೊತ್ತಂಬರಿ ತರಲು ಜೆರಿಕೋಗೆ ಹೋಗುವುದು.